ಗಾಳಿ ಹಿಡಿದ ಕಾರು

ನಿಟ್ಟುವಳ್ಳಿಯಲ್ಲಿ ನನ್ನದೊಂದು ಗ್ಯಾರೇಜಿದೆ. ಆದರೆ ಹಳೇ ಕಾರುಗಳು ಗ್ಯಾರೇಜಿನ ಮುಂದೆ ಕೆಡುವುದಿಲ್ಲ. ಎಲ್ಲೋ ನಡುರಸ್ತೆಯಲ್ಲಿ ನಿಂತು ನನ್ನನ್ನೇ ಕರೆಸಿಕೊಳ್ಳುತ್ತವೆ. ಹೋದಲ್ಲೆಲ್ಲ ಒಂದಲ್ಲ ಒಂದು ಫಜೀತಿ.

ಸೋಪು

ಗುತ್ತೂರಿನ ಹತ್ತಿರ ಮೇಷ್ಟ್ರೊಬ್ಬರ ಕಾರಿನ ಪೆಟ್ರೋಲ್ ಟ್ಯಾಂಕು ಸೋರುತ್ತಿತ್ತು. ತೂತಿಗೆ ಸೋಪು ಒತ್ತಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಫೋನಿನಲ್ಲಿ, “ಸೋಪು ಹಚ್ಚಿರ್ರಿ ಸಾರ್, ಬಂದೆ” ಅಂದೆ. ಹೋಗಿ ನೋಡಿದರೆ ಕಾರಿನ ಮೈತುಂಬ ನೊರೆ! ಟ್ಯಾಂಕು ಮಾತ್ರ ತೊಟ್ಟಿಕ್ಕುತ್ತಲೇ ಇದೆ. ನಾನು ತಲೆ ಚಚ್ಚಿಕೊಂಡಾಗ ಮೇಷ್ಟ್ರ ಹೆಂಡತಿ, “ಬೈಬ್ಯಾಡಪ್ಪ, ಕಾರು ತಗಂಡ ಮ್ಯಾಲೆ ಇವತ್ತೇ ಮೊದ್ಲು ತೊಳೆದಿರೋದು” ಅಂದರು.

ಒದ್ದೆ ಬಟ್ಟೆ

ಬೇಸಿಗೆಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪು ಬಿಸಿಯಾಗಿ ಜವಳಿ ಸಾಹುಕಾರರೊಬ್ಬರ ಕಾರು ನಿಂತಿತು. ಅದು ತಣ್ಣಗಾಗಲು ಮೇಲೆ ಒದ್ದೆ ಬಟ್ಟೆ ಹಾಕಬೇಕಿತ್ತು. ಹಿಂದಿನ ಸೀಟಿನ ತುಂಬ ಬಟ್ಟೆ. ಕೈ ಹಾಕಿದ್ದೇ ತಡ ಸಾಹುಕಾರರು, “ಏಯ್, ಮಾರೋ ಮಾಲು, ಮುಟ್ಟಬ್ಯಾಡ!” ಎಂದು ತಮ್ಮ ಅಂಗಿಯನ್ನೇ ಬಿಚ್ಚಿಕೊಟ್ಟರು. ಕಾರೇನೋ ಹೊರಟಿತು. ಬನಿಯನ್ನಿನಲ್ಲಿ ಅಂಗಡಿ ಮುಂದೆ ಇಳಿದ ಸಾಹುಕಾರರನ್ನು ನೋಡಿ ಗಿರಾಕಿಯೊಬ್ಬ ಕೇಳಿದ: “ಏನ್ರಿ, ಸ್ಟಾಕ್ ಖಾಲಿನಾ?”

ಗಾಳಿ

ಮದುಮಗನನ್ನು ಹರಿಹರದ ಛತ್ರಕ್ಕೆ ಕರೆದೊಯ್ಯುತ್ತಿದ್ದ ಹಳೇ ಡೀಸೆಲ್ ಕಾರು ದಾರಿಯಲ್ಲೇ ನಿಂತಿತು. ಮುಹೂರ್ತಕ್ಕೆ ಇನ್ನೊಂದೇ ಗಂಟೆ. ಪೈಪಿನಲ್ಲಿ ಗಾಳಿ ಸೇರಿಕೊಂಡು ಡೀಸೆಲ್ ಹೋಗುತ್ತಿರಲಿಲ್ಲ. ಒಂದು ಬೋಲ್ಟ್ ಸಡಿಲಿಸಿ ಗಾಳಿ ತೆಗೆದರೆ ಸಾಕು. “ಗಾಳಿ ಹಿಡಿದೈತ್ರಿ, ಬಿಡಿಸ್ತೀನಿ” ಅಂದೆ.

ಕಾರಿನಲ್ಲಿದ್ದ ಹುಡುಗನ ಸೋದರಮಾವ ಅದನ್ನೇ ಹೆಣ್ಣಿನ ತಂದೆಗೆ ಫೋನಿನಲ್ಲಿ ಒಪ್ಪಿಸಿದರು: “ಗಾಬರಿ ಆಗಬ್ಯಾಡ್ರಿ. ಗಾಳಿ ಹಿಡಿದೈತೆ, ಬಿಡಿಸೋರು ಬಂದಾರೆ. ಆಗಾಗ ಹಿಂಗಾಗ್ತೈತೆ.” ಕಾರು ಎಂಬ ಮಾತೊಂದನ್ನು ಮರೆತರು.

ಗಾಡಿ ಸ್ಟಾರ್ಟ್ ಆಯಿತು. ಮತ್ತೆ ನಿಂತರೆ ಇರಲಿ ಅಂತ ನನ್ನನ್ನೂ ಹತ್ತಿಸಿಕೊಂಡರು. ಛತ್ರದ ಬಾಗಿಲಲ್ಲಿ ಆರತಿ ಇರಲಿಲ್ಲ, ಹೆಣ್ಣಿನ ಕಡೆಯವರೆಲ್ಲ ಅಡ್ಡ ನಿಂತಿದ್ದರು.

“ಹುಡುಗನಿಗೆ ಗಾಳಿ ಹಿಡಿಯೋದು ಮೊದ್ಲೇ ಯಾಕ ಹೇಳ್ಲಿಲ್ಲ? ಈ ಮದ್ವಿ ಬ್ಯಾಡ!” ಎಂದರು ಹೆಣ್ಣಿನ ತಂದೆ.

ಮದುಮಗ ಸೋದರಮಾವನ ಮುಖ ನೋಡಿದ. ನನ್ನ ಬಾಯಿಂದ ಒಂದು ಮದುವೆ ಮುರಿಯಿತಲ್ಲ! ಮುಂದೆ ನುಗ್ಗಿ, ಕೈಲಿದ್ದ ಸ್ಪ್ಯಾನರ್ ಎತ್ತಿ ತೋರಿಸಿದೆ. “ಹುಡುಗನಿಗಲ್ರೀ, ಕಾರಿಗೆ! ಒಂದು ಬೋಲ್ಟ್ ಸಡ್ಲ ಮಾಡ್ದೆ, ಬಿಡ್ತು!”

ಮೊದಲು ನಕ್ಕಿದ್ದು ಮದುಮಗಳು. ಆಮೇಲೆ ಇಡೀ ಛತ್ರ. ತಾಳಿ ಕಟ್ಟಿದಾಗ ಮದುಮಗನಿಗಿಂತ ನನಗೇ ಜೀವ ಬಂದಂತಾಯಿತು.

ಊಟಕ್ಕೆ ಕೂತಿದ್ದೆ. ಹೆಣ್ಣಿನ ಅಜ್ಜಿ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು:

“ನಮ್ಮನೆಯವ್ರಿಗೂ ಐವತ್ತು ವರ್ಷದಿಂದ ಗಾಳಿ ಹಿಡಿದೈತಪ್ಪ. ಅವರದೂ ಒಂದು ಬೋಲ್ಟ್ ಸಡ್ಲ ಮಾಡಿ ನೋಡು.”