ನಮ್ಮ ತಾಲ್ಲೂಕಿನವಳು

ರಾತ್ರಿ ಹನ್ನೊಂದರ ಮೇಲೆ ಕೊಳ್ಳೇಗಾಲದ ಆ ಗಲ್ಲಿಯಲ್ಲಿ ಗಾಲಿ ಪೆಟ್ಟಿಗೆಯೊಂದು ಗರಗರ ಎಂದಿತು. ತಕ್ಷಣ ಶಾಂತರಾಜು ಅದನ್ನು ಅಳುವ ಮಗುವಿನಂತೆ ಎತ್ತಿ ಎದೆಗವಚಿಕೊಂಡ. ಮುಂದಿನ ಭಾಗದಲ್ಲಿ ಮಲಗಿದ್ದ ಮನೆಯೊಡತಿ ಚನ್ನಾಜಮ್ಮನವರಿಗೆ ಹಗಲು ಹೊತ್ತು ಕಿವಿ ಮಂದ. ರಾತ್ರಿ ಚೆನ್ನಾಗಿ ಕೇಳಿಸುತ್ತಿತ್ತು.

ಪೆಟ್ಟಿಗೆಯ ಹಿಂದೆ ಬಂದವಳು ಲಿನ್. ಬ್ರಸೆಲ್ಸ್ ನಗರದವಳು, ರೇಷ್ಮೆ ನೇಯ್ಗೆ ನೋಡಲು ಬಂದಿದ್ದಳು. ಲಗ್ನಗಳ ಕಾಲ, ಲಾಡ್ಜುಗಳೆಲ್ಲ ಭರ್ತಿ. ಶಾಂತರಾಜು ಗುಮಾಸ್ತನಾಗಿದ್ದ ಸೀರೆ ಅಂಗಡಿಯ ಯಜಮಾನರು, “ಒಂದೆರಡು ದಿನ ನಿಮ್ಮನೇಲಿ ಇರ್ಲಿ” ಎಂದಿದ್ದರು. ಯಾರಿಗೂ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ಆದರೆ ಹಿಂದಿನ ಭಾಗವನ್ನು ಬಾಡಿಗೆಗೆ ಕೊಡುವಾಗ ಚನ್ನಾಜಮ್ಮ ಹಾಕಿದ್ದ ಷರತ್ತು ಒಂದೇ: ಹೊರಗಿನವರು ರಾತ್ರಿ ಉಳಿಯಕೂಡದು. ಉಳಿದರೆ ಮನೆ ಖಾಲಿ ಮಾಡಬೇಕು. ಮುಂದಿನ ವಾರ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅಂಥ ಹೊತ್ತಿನಲ್ಲಿ ಪಾತ್ರೆಪಗಡ ಕಟ್ಟಿಕೊಂಡು ಮನೆ ಹುಡುಕುವುದನ್ನು ನೆನೆದು ಹೆಂಡತಿ ಮಂಗಳ ರಾತ್ರಿಯೆಲ್ಲ ಎದ್ದು ಕೂತಿದ್ದಳು.

ಬೆಳಿಗ್ಗೆ ನಲ್ಲಿಯ ಹತ್ತಿರ ಚನ್ನಾಜಮ್ಮ ಕಾದಿದ್ದರು.

“ರಾತ್ರಿ ಯಾರೋ ಬಂದಂಗಾಯ್ತಲ್ಲ ಶಾಂತರಾಜಪ್ಪ?”

“ನೆಂಟ್ರು ಕಣವ್ವಾ. ಮಂಗಳನ ಕಡೆಯೋರು.”

ಅದೇ ಗಳಿಗೆಗೆ ಲಿನ್ ಹಲ್ಲುಜ್ಜುತ್ತ ಹೊರಗೆ ಬಂದಳು. ಅವಳ ತಂದೆತಾಯಿ ವಿಯೆಟ್ನಾಮಿನವರು. ಮಂಗಳಳ ತಂದೆತಾಯಿ ಯಳಂದೂರಿನ ಹತ್ತಿರದ ಅಗರದವರು. ಹೋಲಿಕೆ ಅಷ್ಟಾಗಿ ಇರಲಿಲ್ಲ.

ಶಾಂತರಾಜು ತುಂಬಿದ ಬಿಂದಿಗೆಯಂತೆ ಅಲ್ಲಾಡದೆ ನಿಂತ. ಅವನನ್ನು ಉಳಿಸಿದವನು ಹಾಲು ತಂದ ಮಾದಣ್ಣ.

“ಓ, ಒಡೆಯರಪಾಳ್ಯದ ಹೆಣ್ಣಲ್ವಾ! ಸ್ವೆಟರ್ ಮಾರಕ್ಕೆ ಬಂದಿದ್ದೀಯಾ ಮಗಾ?”

ಆ ಮಾತಿನಲ್ಲಿ ಲಿನ್‌ಗೆ ಗೊತ್ತಿದ್ದ ಪದ ಒಂದೇ. ಟಿಬೆಟನ್ನರು ನೆಲೆಸಿರುವ ಒಡೆಯರಪಾಳ್ಯವನ್ನು ಭಾನುವಾರ ನೋಡಲು ಹೋಗಬೇಕೆಂದಿದ್ದಳು. ನೊರೆ ತುಂಬಿದ ಬಾಯಲ್ಲೇ, “ಒಡೆಯರಪಾಳ್ಯ! ಎಸ್, ಎಸ್!” ಎಂದಳು.

“ನಮ್ ತಾಲ್ಲೂಕ್ನೋಳು ಅನ್ನಕ್ಕೆ ಏನಪ್ಪ ನಾಚ್ಕೆ? ನೆಂಟ್ರು ಅಂತ ಸುಳ್ಳು ಬ್ಯಾರೆ,” ಎಂದರು ಚನ್ನಾಜಮ್ಮ.

“ಅದೀಗ ಹನೂರ್ ತಾಲ್ಲೂಕು ಕಣವ್ವಾ,” ಎಂದ ಮಾದಣ್ಣ.

“ಬೋರ್ಡ್ ಬದ್ಲಾಯ್ಸುದ್ರೆ ಊರು ಎದ್ದು ಓಡೋದದಾ? ಸುಮ್ಕಿರ್ಲಾ.”

ಶಾಂತರಾಜು ನಿಜ ಹೇಳಲು ಬಾಯಿ ತೆರೆದ. ಮಗಳ ಪರೀಕ್ಷೆ ನೆನಪಾಗಿ, ತೆರೆದ ಬಾಯಲ್ಲಿ ಆಕಳಿಸಿದ.

ಹೊತ್ತೇರುವಷ್ಟರಲ್ಲಿ ಗಲ್ಲಿಯೆಲ್ಲ ಅಂಗಳದಲ್ಲಿತ್ತು. ಪಕ್ಕದ ಮನೆಯ ಪುಟ್ಟಬಸಮ್ಮ ಜಿಪ್ಪು ಕಿತ್ತ ಸ್ವೆಟರ್ ತಂದರು. “ನಿಮ್ಮೋರತ್ರನೇ ತಕಂಡಿದ್ದು, ನೋಡವ್ವ.” ಬಟ್ಟೆಯ ಕೆಲಸ ಬಲ್ಲ ಲಿನ್ ಸೂಜಿ ಕೇಳಿ ಪಡೆದು ಸರಿ ಮಾಡಿಕೊಟ್ಟಳು. ಅಲ್ಲಿಗೆ ಯಾರಿಗೂ ಯಾವ ಸಂಶಯವೂ ಉಳಿಯಲಿಲ್ಲ.

“ಜ್ವಾಳ ಎಂಗದೆ ಈ ಸಲ? ಆನೆ ಕಾಟವಾ?” ಎಂದು ಕೇಳಿದ ಮಾದಣ್ಣ.

ಶಾಂತರಾಜು ಇಂಗ್ಲಿಷಿನಲ್ಲಿ, “ನಿಮ್ಮೂರಿನ ಕಷ್ಟಸುಖ ಕೇಳ್ತಿದಾರೆ,” ಎಂದ.

ಲಿನ್ ಗಂಭೀರಳಾದಳು. “ಬಾಡಿಗೆ ಮನೆಯದೇ ಕಷ್ಟ. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ ಮನೆ ಬೇರೆಯವರಿಗೆ ಹೋಗಿಬಿಟ್ಟಿರುತ್ತದೆ.”

“ಆನೆ ಕಾಟ ಜಾಸ್ತಿಯಂತೆ,” ಎಂದ ಶಾಂತರಾಜು.

“ಅಯ್ಯೋ ಪಾಪ!” ಎಂದಿತು ಗಲ್ಲಿ.

ಆ ಮುಖಗಳನ್ನು ಕಂಡು ಲಿನ್‌ಳ ಕಣ್ಣು ತುಂಬಿತು. “ನಾನು ಹುಟ್ಟಿದ್ದು ಬ್ರಸೆಲ್ಸಿನಲ್ಲೇ. ಆದರೂ ದಿನಾ ಒಬ್ಬರಾದರೂ, ನಿಜವಾಗಿ ನೀನು ಎಲ್ಲಿಯವಳು ಎಂದು ಕೇಳುತ್ತಾರೆ. ಇಲ್ಲಿ ಒಬ್ಬರೂ ಕೇಳಲಿಲ್ಲ.”

ಶಾಂತರಾಜು ಯೋಚಿಸಿ ನೋಡಿದ. ನಿಜ, ಒಬ್ಬರೂ ಕೇಳಿರಲಿಲ್ಲ.

ಮಧ್ಯಾಹ್ನ ಚನ್ನಾಜಮ್ಮ ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ಅವರು ಮಾಡಿದಂತೆಯೇ ಲಿನ್ ಮಾಡಿದಳು. “ಅಗೀದೆ ನುಂಗ್ತಾಳೆ ನೋಡು!” ಎಂದು ಪುಟ್ಟಬಸಮ್ಮ ಕೆನ್ನೆಗೆ ಕೈ ಹಚ್ಚಿದರು. ಎದುರಿಗೆ ಶಾಂತರಾಜು ಹಲ್ಲುನೋವಿನಿಂದ ಮುದ್ದೆಯನ್ನು ಅಗಿಯುತ್ತಿದ್ದ. ಅದನ್ನೂ ಎಲ್ಲರೂ ನೋಡಿದರು.

ಸಂಜೆ ಲಿನ್, “ಒಂದು ವರ್ಷ ಇಲ್ಲೇ ಇದ್ದು ನೇಯ್ಗೆ ಕಲಿಯುತ್ತೇನೆ. ಅಜ್ಜಿಗೆ ಗೊತ್ತಿರುವ ಬಾಡಿಗೆ ಮನೆ ಇದೆಯೇ ಕೇಳಿ,” ಎಂದಳು. ಶಾಂತರಾಜು ಉತ್ಸಾಹದಿಂದಲೇ ಕೇಳಿದ.

“ಐತಲ್ಲ, ಇಂದ್ಗಡೆ ಭಾಗ,” ಎಂದರು ಚನ್ನಾಜಮ್ಮ.

“ಅವ್ವಾ, ಅಲ್ಲಿ ನಾವಿದೀವಿ.”

“ನೀವು ಯಳಂದೂರೋರು, ಎಲ್ಲಾದ್ರೂ ಇರ್ತೀರಿ. ನಮ್ಮ ತಾಲ್ಲೂಕಿನ ಹೆಣ್ಣುಮಗೀನ ಬೀದೀಲಿ ಬುಡಾಕಾಯ್ತದಾ?”

“ಹದಿನೆಂಟು ವರ್ಷದಿಂದ ಇಲ್ಲೇ ಇದೀವಲ್ಲವ್ವಾ!”

“ಅದ್ನೇ ನಾನೂ ಯೋಳದು. ಬಂದು ಭಾಳ ದಿನ ಆಯ್ತು.”

ಶಾಂತರಾಜುವಿಗೆ ಇನ್ನು ತಡೆಯಲಾಗಲಿಲ್ಲ. “ಇವಳು ಒಡೆಯರಪಾಳ್ಯದೋಳಲ್ಲ! ಯೂರೋಪಿನೋಳು! ವಿಮಾನದಲ್ಲಿ ಬಂದೋಳು!”

ಗಲ್ಲಿಯೆಲ್ಲ ಅವನತ್ತ ತಿರುಗಿತು.

“ಛೆ,” ಎಂದ ಮಾದಣ್ಣ. “ಮನೆ ಬುಡಿ ಅಂದ ತಕ್ಷಣ ಆ ಮಗೀನ ಒರಗ್ನೋಳು ಮಾಡ್ಬುಟ್ರಲ್ಲ ಸಾ. ಓದ್ದೋರು ನೀವು.”

“ಮುಖ ನೋಡಿ ಮನುಸ್ರನ್ನ ಬ್ಯಾರೆ ಮಾಡಬಾರ್ದು,” ಎಂದರು ಪುಟ್ಟಬಸಮ್ಮ.

ಚನ್ನಾಜಮ್ಮ ಎದ್ದರು. “ಇವ್ಳು ಇರ್ಲಿ ಬುಡ್ಲಿ, ಇಂಥ ಬುದ್ಧಿಯೋರಿಗೆ ನನ್ ಮನೇಲಿ ಜಾಗ ಇಲ್ಲ. ಅಮಾಸೆ ಒಳಗೆ ಖಾಲಿ ಮಾಡಿ.”

“ಮಗಳ ಪರೀಕ್ಷೆ ಅವ್ವಾ...”

“ಯಾಕೆ, ಯಳಂದೂರಿಂದ ಬಸ್ಸಿಲ್ವಾ?”

ಅವರೆಲ್ಲ ಯಾಕೆ ಕೂಗಾಡಿದರೆಂದು ಲಿನ್ ಕೇಳಿದಳು. ತಾನು ಈ ಊರಿನವನಲ್ಲ, ಯಳಂದೂರಿನವನು ಎಂದಷ್ಟೇ ಶಾಂತರಾಜು ಹೇಳಿದ.

“ಅದು ಎಷ್ಟು ದೂರ?”

“ಬಸ್ಸಿನಲ್ಲಿ ಅರ್ಧ ಗಂಟೆ.”

ಲಿನ್ ಅವನ ಹೆಗಲ ಮೇಲೆ ಕೈಯಿಟ್ಟಳು. “ಬೇಸರ ಮಾಡಿಕೊಳ್ಳಬೇಡಿ. ಹೊರಗಿನವರು ಹೊಂದಿಕೊಳ್ಳುವುದಕ್ಕೆ ಕಾಲ ಹಿಡಿಯುತ್ತದೆ.”

ಮನೆ ಹುಡುಕಿಕೊಡಲು ಹೇಳೋಣವೆಂದು ಅವನು ಯಳಂದೂರಿನ ಅಣ್ಣನಿಗೆ ಫೋನು ಮಾಡಿದ.

“ಏನ್ಲಾ ಕೊಳ್ಳೇಗಾಲದವ್ನೇ!” ಎಂದು ಅಣ್ಣ ಗಟ್ಟಿಯಾಗಿ ನಕ್ಕ. “ಎಂಗವ್ರೆ ನಿಮ್ಮ ಜನ?”

“ಚೆನ್ನಾಗವ್ರೆ,” ಎಂದ ಶಾಂತರಾಜು. ಈ ದಿನ ನಡೆದದ್ದನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ, ಅತ್ತಿಗೆಯ ಆರೋಗ್ಯ ವಿಚಾರಿಸಿದ.