ಮಾವನ ಕೋಣೆಗೆ ಬಂದ ಸಬ್‌ವೂಫರ್

ನಮ್ಮ ಸೋದರಮಾವ ಅರವತ್ತೆರಡನೆಯ ವಯಸ್ಸಿನಲ್ಲಿ ಅಂಬೆಗಾಲಿಡಲು ಕಲಿತರು. ನಗಬೇಡಿ, ಕಲಿಸಿದವನು ನಾನೇ!

ರೈಲ್ವೆಯಿಂದ ನಿವೃತ್ತರಾದ ಮಾವ ಬಂಗಾಳದ ಬಾರಾನಗರದಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಹಿಂದಿನ ವರ್ಷ ತೀರಿಕೊಂಡ ಅತ್ತೆ ಹಾಡಿದ್ದ ಒಂದು ಕ್ಯಾಸೆಟ್ಟೇ ಅವರ ಆಸ್ತಿ. "ಈ ಸ್ಟೀರಿಯೋದಲ್ಲಿ ಅವಳ ಗಂಟಲು ಮಾತ್ರ ಬರತ್ತೆ ಕಣೋ, ಅವಳು ಬರಲ್ಲ. ಹೀಗೇ ಆದ್ರೆ ಮರೆತೇಬಿಡ್ತೀನೇನೋ" ಎಂದು ಹೆದರುತ್ತಿದ್ದರು. ನಾನು ಆಗಷ್ಟೇ ಸಾಲ್ಟ್ ಲೇಕಿನ ಐಟಿ ಕಂಪನಿ ಸೇರಿದ್ದೆ. ಎಲ್ಲ ಕಾಯಿಲೆಗೂ ಇಂಟರ್‌ನೆಟ್ಟಿನಲ್ಲಿ ಮದ್ದಿದೆಯೆಂದು ನಂಬಿದ್ದ ಕಾಲ! ಒಂದು ಸಬ್‌ವೂಫರ್ ತಂದುಕೊಟ್ಟೆ. ತಗ್ಗುದನಿಗಳನ್ನಷ್ಟೇ ಎತ್ತಿ ಕೇಳಿಸುವ ಸ್ಪೀಕರ್ ಡಬ್ಬ. ಜೊತೆಗೆ ಆಫೀಸಿನಲ್ಲಿ ಪ್ರಿಂಟ್ ತೆಗೆದ ಉಪದೇಶ: ಡಬ್ಬವನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು, ನೀವು ಕೋಣೆಯೆಲ್ಲ ಅಂಬೆಗಾಲಿಡಿ, ತಗ್ಗುದನಿ ಎಲ್ಲಿ ಚೆನ್ನಾಗಿ ಕೇಳುತ್ತದೋ ಅದೇ ಡಬ್ಬದ ಜಾಗ.

ಮಾವ ಚಾಚೂ ತಪ್ಪದೆ ಪಾಲಿಸಿದರು. ಮನೆಗೆಲಸದ ಮಾಶಿ ಬಂದಾಗ ಕುರ್ಚಿಯ ಮೇಲೆ ಕಪ್ಪು ಡಬ್ಬ ಗುಡುಗುತ್ತಾ ಕೂತಿತ್ತು, ಯಜಮಾನರು ಅದರ ಮುಂದೆ ನೆಲಕ್ಕೆ ಕಿವಿಗೊಟ್ಟು ತೆವಳುತ್ತಿದ್ದರು. ಪೊರಕೆ ಅಲ್ಲೇ ಬಿತ್ತು. ಮಾಶಿ ಮೂರು ದಿನ ಈ ಕಡೆ ತಲೆಹಾಕಲಿಲ್ಲ!

ಕೊನೆಗೆ ಕಿಟಕಿಯ ಪಕ್ಕದ ಮೂಲೆ ಗೊತ್ತಾಯಿತು. ಅಲ್ಲಿಂದ ಶುರುವಾಯಿತು ನೋಡಿ. ಡಬ್ಬ ಒಂದು ಕಡೆ, ಸದ್ದು ಇನ್ನೊಂದು ಕಡೆ. ಬೀರು ತನ್ನಷ್ಟಕ್ಕೆ ಗೊಣಗುವುದು, ಮುಚ್ಚಿದ ಕಿಟಕಿಯ ಗಾಜನ್ನು ಯಾರೋ ಒಳಗಿನಿಂದ ತಟ್ಟುವುದು! ಕೆಳಮನೆಯ ಬಂಗಾಳಿ ಯಜಮಾನರು ನನ್ನನ್ನು ಮೆಟ್ಟಿಲಲ್ಲೇ ತಡೆದು, ನಿಮ್ಮ ಮಾವ ಮತ್ತೆ ಮದುವೆಯಾದರೇ ಎಂದು ಪಿಸುಗುಟ್ಟಿದರು. ಮೇಲಿಂದ ಹೆಂಗಸಿನ ಹೆಜ್ಜೆ ಕೇಳಿಸುತ್ತಿದೆಯಂತೆ.

ಆ ಭಾನುವಾರ ಮಧ್ಯಾಹ್ನ ಮಾವ ನನ್ನೆದುರೇ ಕ್ಯಾಸೆಟ್ ಹಾಕಿದರು. ಅತ್ತೆಯ ಹಾಡು. ಅದರ ಅಡಿಯಲ್ಲಿ, ದಪ್... ದಪ್... ನೆಲದಿಂದ ನನ್ನ ಅಂಗಾಲಿಗೇ ಬಂತು. ನಿಲ್ಲಿಸಿದರೆ ಇಲ್ಲ. ಬೇರೆ ಕ್ಯಾಸೆಟ್ ಹಾಕಿದರೂ ಇಲ್ಲ. ಮತ್ತೆ ಅತ್ತೆಯದನ್ನು ಹಾಕಿದೆವು. ದಪ್... ದಪ್...

"ಮಾವ, ಈ ಶನಿ ಡಬ್ಬ ಬೇಡ. ಇವತ್ತೇ ವಾಪಸ್ ಕೊಟ್ಟುಬರ್ತೀನಿ" ಎಂದೆ. ಕಂಪ್ಯೂಟರ್ ಇಂಜಿನಿಯರನ ಧೈರ್ಯ ಅಷ್ಟೇ!

ಮಾವ ಡಬ್ಬಕ್ಕೆ ಕಿವಿಯಿಟ್ಟು ಅಲುಗಾಡದೆ ಕೂತರು. ಆಮೇಲೆ ಮಂಚದ ಕಡೆ ತಿರುಗಿದರು.

"ಟೇಪ್‌ರೆಕಾರ್ಡರ್ ಈ ಮಂಚದ ಮೇಲೇ ಇಟ್ಟಿದ್ದೆ ಕಣೋ. ಪಕ್ಕದಲ್ಲಿ ಕಾಲು ಇಳಿಬಿಟ್ಕೊಂಡು ಹಾಡಿದ್ಲು. ಹಿಮ್ಮಡೀಲಿ ಮಂಚಕ್ಕೆ ತಾಳ ಹಾಕೋಳು. ಸುಮ್ನಿರೇ ಅಂತ ಬೈತಿದ್ದೆ ನಾನು. ಇಷ್ಟು ದಿನ ಇದರೊಳಗೇ ಇದ್ಲಲ್ಲೋ!"

ನನ್ನ ಭಯವೆಲ್ಲ ಇಳಿದು ಅಳು ಬಂತು. ಮಂಚದ ತುದಿಯಲ್ಲಿ ಕೂರಲು ಹೋದೆ.

"ಅಲ್ಲಿ ಬೇಡ ಕಣೋ" ಎಂದರು ಮಾವ, ಮೆಲ್ಲಗೆ. "ಹಾಡು ಮುಗೀಲಿ."