ಲಿಮ್ನೂಸ ದ್ವೀಪದ ಪ್ರಭಾರ ಶತಾಯುಷಿ

ಗ್ರೀಸಿನ ಲಿಮ್ನೂಸ ದ್ವೀಪದ ಶತಾಯುಷಿಯ ಹುದ್ದೆ ಫೆಬ್ರವರಿ ತಿಂಗಳಲ್ಲಿ ತೆರವಾಯಿತು. ಅಲ್ಲಿಯವರೆಗೆ ಆ ಹುದ್ದೆಯಲ್ಲಿದ್ದ ನೂರಾಮೂರು ವರ್ಷದ ಎವಾಂಥಿಯಾ ಅಜ್ಜಿ ನಿಂಬೆಹಣ್ಣು ಕೀಳಲು ಮರ ಹತ್ತಿ, ಬಿದ್ದು ತೀರಿಕೊಂಡರು. ಪುರಸಭೆ ಇದನ್ನು ಅಕಾಲ ಮರಣ ಎಂದು ದಾಖಲಿಸಿಕೊಂಡಿತು.

ಹುದ್ದೆಯನ್ನು ಖಾಲಿ ಬಿಡುವಂತಿರಲಿಲ್ಲ. ‘ಬನ್ನಿ, ನೆಲೆಸಿ, ನೂರು ದಾಟಿ’ ಎಂಬ ಯೋಜನೆಯಡಿ ಪುರಸಭೆಯು ಗುಡ್ಡದ ಮೇಲಿನ ಪಾಳು ಮನೆಗಳನ್ನು ಉತ್ತರ ದೇಶಗಳ ನಿವೃತ್ತರಿಗೆ ಮಾರುತ್ತಿತ್ತು. ಅವರು ಬೇಸಿಗೆಯಲ್ಲಿ ಹಡಗಿನಿಂದ ಇಳಿಯುತ್ತಿದ್ದರು, ಬಿಸಿಲನ್ನು ನೋಡುತ್ತಿದ್ದರು, ಚೌಕದ ಮರದ ಕೆಳಗೆ ಕುಳಿತ ಅಜ್ಜಿಯನ್ನು ನೋಡುತ್ತಿದ್ದರು, ಮನೆ ಕೊಳ್ಳುತ್ತಿದ್ದರು. ದ್ವೀಪದಲ್ಲಿ ಸದಾಕಾಲ ಕನಿಷ್ಠ ಒಬ್ಬ ಶತಾಯುಷಿ ಸೇವೆಯಲ್ಲಿರತಕ್ಕದ್ದು, ಇಲ್ಲವಾದಲ್ಲಿ ಕೊಂಡವರು ಮನೆ ಹಿಂದಿರುಗಿಸಿ ಹಣ ಪಡೆಯಬಹುದು ಎಂದು ಕರಾರಿನಲ್ಲಿ ಬರೆದಿತ್ತು. ಹಣ ಹಿಂದಿರುಗಿಸುವುದು ಸಾಧ್ಯವಿರಲಿಲ್ಲ. ದೀರ್ಘಾಯುಷ್ಯದ ಅಧ್ಯಯನಕ್ಕೆಂದು ಪುರಸಭಾ ಸದಸ್ಯರೆಲ್ಲ ಆ ಹಣದಲ್ಲೇ ಪ್ಯಾರಿಸ್ಸಿಗೆ ಹೋಗಿಬಂದಿದ್ದರು.

ಅಜ್ಜಿಯ ನಂತರ ದ್ವೀಪದಲ್ಲಿ ಹಿರಿಯರೆಂದರೆ ಎಪ್ಪತ್ತೊಂಬತ್ತು ವರ್ಷದ ಕತ್ತೆ ಆರ್ಗೀರಿಸ್. ಅವನ ನಂತರ ಎಪ್ಪತ್ತಾರರ ದೋಣಿ ಆರ್ಗೀರಿಸ್. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ದ್ವೀಪದಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ಪದ್ಧತಿ. ಆರ್ಗೀರಿಸ್ ಕಲಾಫಾತಿಸ್ ಎಂಬ ತಾತನಿಗೆ ಐವರು ಗಂಡುಮಕ್ಕಳಿದ್ದುದರಿಂದ ಐವರು ಆರ್ಗೀರಿಸ್ ಕಲಾಫಾತಿಸರು ಹುಟ್ಟಿದ್ದರು. ಕತ್ತೆ ಸಾಕಿದವನು ಕತ್ತೆ ಆರ್ಗೀರಿಸ್ ಆದ, ದೋಣಿ ಇಟ್ಟವನು ದೋಣಿ ಆರ್ಗೀರಿಸ್ ಆದ. ಎಲ್ಲರಿಗಿಂತ ದೊಡ್ಡವನು ಹದಿನೆಂಟಕ್ಕೇ ಶಿಕಾಗೋ ಸೇರಿ, ಹೋಟೆಲು ನಡೆಸಿ, ಅಲ್ಲೇ ಮಣ್ಣಾಗಿದ್ದ. ಆದರೆ ಅವನು ಹುಟ್ಟಿದ್ದನ್ನು ದ್ವೀಪದಲ್ಲಿ ಬರೆಸಿದ್ದರು, ಸತ್ತದ್ದನ್ನು ಯಾರೂ ಬರೆಸಿರಲಿಲ್ಲ. ಪುರಸಭೆಯ ಮಟ್ಟಿಗೆ ಅವನಿಗೆ ನೂರಾಎರಡು ವರ್ಷ ನಡೆಯುತ್ತಿತ್ತು.

ದೋಣಿ ಆರ್ಗೀರಿಸ್ ಬಂದರಿನ ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದಾಗ ಮೇಯರ್ ಝಕಾರಿಯಾಸ್ ಬಂದು ಪಕ್ಕದಲ್ಲಿ ಕುಳಿತರು. ವಯಸ್ಸಾದ ಮೀನುಗಾರರನ್ನು ಅಲ್ಲಿ ಎಲ್ಲರೂ ‘ಬಾರ್ಬಾ’ ಎನ್ನುತ್ತಾರೆ.

“ಬಾರ್ಬಾ, ಒಂದು ಸಂತೋಷದ ಸುದ್ದಿ. ನಿಮಗೆ ನೂರಾಎರಡು ವರ್ಷ.”

ಆರ್ಗೀರಿಸ್ ಗಂಟು ಬಿಗಿದು ದಾರ ಕಚ್ಚಿ ಹರಿದ. “ಯಾವಾಗಿಂದ?”

“ಸೋಮವಾರದಿಂದ.”

“ನನಗಿಂತ ಕತ್ತೆ ದೊಡ್ಡವನಲ್ಲವಾ?”

“ಅವರು ಕೂದಲಿಗೆ ಬಣ್ಣ ಹಚ್ತಾರೆ. ಬಾಯಿ ತುಂಬ ಹಲ್ಲಿದೆ. ಆಯ್ಕೆ ಸಮಿತಿ ಎಲ್ಲಾ ನೋಡಿದೆ ಬಾರ್ಬಾ. ಸುಕ್ಕಿನ ವಿಷಯದಲ್ಲಿ ಇಡೀ ದ್ವೀಪದಲ್ಲಿ ನಿಮ್ಮ ಸಮ ಯಾರೂ ಇಲ್ಲ.”

“ಅದು ಉಪ್ಪುನೀರು ಮಾಡಿದ್ದು.”

“ಯಾರು ಮಾಡಿದ್ದು ಅಂತ ಸಮಿತಿ ಕೇಳಿಲ್ಲ. ಸಂಜೆ ಐದರಿಂದ ಎಂಟರವರೆಗೆ ಮರದ ಕೆಳಗೆ ಕೂತರೆ ಸಾಕು. ಸುಳ್ಳು ಹೇಳೋದೇನೂ ಇಲ್ಲ. ನಿಮ್ಮ ಹೆಸರೇನು ಅಂದರೆ ನಿಮ್ಮ ಹೆಸರು ಹೇಳಿ.”

ಆರ್ಗೀರಿಸ್ ತನ್ನ ದೋಣಿಯ ಕಡೆ ನೋಡಿದ. ದೋಣಿಗೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ, ಗರುಫಾಲಿಯ ಎಂದು. ಎರಡು ವರ್ಷದಿಂದ ಅದರ ಎಂಜಿನ್ ಕೆಮ್ಮುತ್ತಿತ್ತು. ಕಡಲ ಮಧ್ಯೆ ಅದು ನಿಂತಾಗಲೆಲ್ಲ ಅವನ ಎದೆಯೂ ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೇಯರಿಗೆ ಹೇಳದೆಯೂ ಗೊತ್ತಿತ್ತು.

“ಹೊಸ ಎಂಜಿನ್ ಪುರಸಭೆಯ ಕಡೆಯಿಂದ,” ಎಂದರು ಅವರು.

ಸೋಮವಾರ ಆರ್ಗೀರಿಸ್ ನೂರಾಎರಡನೆಯ ವರ್ಷಕ್ಕೆ ಬಡ್ತಿ ಹೊಂದಿ ಪ್ರಭಾರ ಶತಾಯುಷಿಯಾಗಿ ಅಧಿಕಾರ ಸ್ವೀಕರಿಸಿದ. ಅಂದಿನಿಂದ ಮೇಯರ್ ಅವನನ್ನು ‘ಅಜ್ಜ’ ಎಂದು ಕರೆದರು. ಕತ್ತೆ ಆರ್ಗೀರಿಸ್ ಚೌಕಕ್ಕೆ ಬಂದು ಎಲ್ಲರ ಎದುರು ಕೂಗಾಡಿದ.

“ಇವನಿಗೆ ಮೂಗು ಒರೆಸಿದೋನು ನಾನು! ಈಗ ಇವನನ್ನ ಅಣ್ಣ ಅನ್ನಬೇಕಾ? ಸೇವಾ ಹಿರಿತನ ಅನ್ನೋದು ಈ ದ್ವೀಪದಲ್ಲಿ ಸತ್ತೇಹೋಯ್ತಾ?”

“ಮೆಲ್ಲಗೆ ಮಾತಾಡು ತಮ್ಮಾ,” ಎಂದ ದೋಣಿ ಆರ್ಗೀರಿಸ್. “ಹಿರಿಯರ ಮುಂದೆ ಹೀಗೆ ಕಿರುಚಬಾರದು.”

ಕತ್ತೆ ಆರ್ಗೀರಿಸ್ ಅಂದಿನಿಂದ ಅವನ ಜೊತೆ ಮಾತು ಬಿಟ್ಟ.

ಎಂಜಿನ್ ಏಪ್ರಿಲಿನಲ್ಲಿ ಹಡಗಿನಲ್ಲಿ ಬಂತು. ಅದನ್ನು ಕೂಡಿಸಿ, ಮೊದಲ ಸಲ ಚಾಲೂ ಮಾಡಿದಾಗ ಅದು ಮಗು ನಿದ್ದೆಯಲ್ಲಿ ಉಸಿರಾಡುವಷ್ಟು ಮೆತ್ತಗೆ ಸದ್ದು ಮಾಡಿತು. ಆರ್ಗೀರಿಸ್ ಅದರ ಮೇಲೆ ಒಮ್ಮೆ ಅಂಗೈ ಆಡಿಸಿ ಹಗ್ಗ ಬಿಚ್ಚಲು ಎದ್ದ. ಆಗ ಬಂದರಿನ ಅಧಿಕಾರಿ ಫ್ರೋಸೊ ಬಂದಳು. ಚಿಕ್ಕಂದಿನಿಂದ ಅವನು ಹಿಡಿದ ಮೀನು ತಿಂದೇ ಬೆಳೆದ ಹುಡುಗಿ. ಈಗ ಸಮವಸ್ತ್ರದಲ್ಲಿದ್ದಳು.

“ಬಾರ್ಬಾ, ಹಗ್ಗ ಬಿಚ್ಚಬೇಡಿ. ನಿಮ್ಮ ಮೀನುಗಾರಿಕೆ ಪರವಾನಗಿ ರದ್ದಾಗಿದೆ. ಎಂಬತ್ತೈದು ದಾಟಿದವರು ಒಬ್ಬರೇ ದೋಣಿ ತಗೊಂಡು ಹೋಗೋ ಹಾಗಿಲ್ಲ.”

“ನನಗೆ ಎಪ್ಪತ್ತಾರು ಅಂತ ನಿನಗೆ ಗೊತ್ತಿಲ್ಲವಾ? ಹೋದ ವರ್ಷ ನನ್ನ ಹುಟ್ಟುಹಬ್ಬದ ಕೇಕು ತಿಂದು ಹೋದೆಯಲ್ಲ!”

“ನನಗೆ ಗೊತ್ತಿರೋದು ಬೇರೆ ಬಾರ್ಬಾ, ನನಗೆ ತಿಳಿಸಿರೋದು ಬೇರೆ. ನಾನು ಸಂಬಳ ತಗೊಳ್ಳೋದು ತಿಳಿಸಿರೋದಕ್ಕೆ.”

ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆದರೂ ಎಂಜಿನ್ನಿನ ಕೀಲಿ ತೆಗೆದುಕೊಂಡು ಹೋದಳು.

ಆರ್ಗೀರಿಸ್ ನೇರವಾಗಿ ಮೇಯರರ ಕೋಣೆಗೆ ಹೋದ. “ನಿನ್ನ ಎಂಜಿನ್ ನೀನೇ ಇಟ್ಟುಕೋ. ನನ್ನ ವಯಸ್ಸು ನನಗೆ ಕೊಡು.”

“ಅಜ್ಜ, ವಯಸ್ಸು ಇಳಿಸಿದರೆ ಅದು ಹಿಂಬಡ್ತಿ ಆಗುತ್ತೆ. ತಪ್ಪು ಮಾಡದವರಿಗೆ ಹಿಂಬಡ್ತಿ ಕೊಡೋಕೆ ನಿಯಮ ಇಲ್ಲ. ನೀವೇನಾದರೂ ತಪ್ಪು ಮಾಡಿದೀರಾ?”

“ಎಂಥ ತಪ್ಪು ಬೇಕು ಹೇಳು, ಮಾಡ್ತೀನಿ.”

“ಹುದ್ದೆಗೆ ತಕ್ಕುದಲ್ಲದ ನಡತೆ,” ಎಂದರು ಮೇಯರ್. “ಅಂದರೆ ನೂರಾಎರಡು ವರ್ಷದವರು ಮಾಡಬಾರದ್ದು.”

ಆರ್ಗೀರಿಸ್ ಅದನ್ನು ಶ್ರದ್ಧೆಯಿಂದ ಮಾಡಿದ. ಮೊದಲ ಸಂಜೆ, ಹಡಗಿನಿಂದ ಇಳಿದ ಪ್ರವಾಸಿಗಳ ಎದುರು ಒದ್ದೆ ಬಲೆಯ ಮೂಟೆ ಹೊತ್ತುಕೊಂಡು ಚೌಕದ ಸುತ್ತ ಓಡಿದ. ಎರಡನೆಯ ಸಂಜೆ ಮೂರು ಲೋಟ ಔಝೋ ಸಾರಾಯಿ ಕುಡಿದು ಮೇಜಿನ ಮೇಲೆ ಕುಣಿದ. ಮೂರನೆಯ ಸಂಜೆ ಮೇಯರರ ತಾಯಿಯ ಬಗ್ಗೆ ಬಂದರಿನವರಷ್ಟೇ ಆಡುವ ಮಾತುಗಳನ್ನು ಗಟ್ಟಿಯಾಗಿ ಆಡಿದ. ನಾರ್ವೆಯಿಂದ ಬಂದಿದ್ದ ಓಡ್‌ವಾರ್ ಎಂಬ ನಿವೃತ್ತ ದಂತವೈದ್ಯರು ಇದನ್ನೆಲ್ಲ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೂರಾಎರಡರಲ್ಲಿ ಇಂಥ ಸೊಂಟ, ಇಂಥ ಗಂಟಲು! ಅವರು ತಮಗೊಂದು, ತಮ್ಮ ತಂಗಿಗೊಂದು ಮನೆ ಕೊಂಡರು. ಆ ವಾರ ಗುಡ್ಡದ ಮೇಲಿನ ಮನೆಗಳೆಲ್ಲ ಮುಗಿದು, ಮೇಕೆಗಳಿದ್ದ ಕೊಟ್ಟಿಗೆಗಳನ್ನೂ ಮಾರಬೇಕಾಯಿತು.

ಪುರಸಭೆ ಆರ್ಗೀರಿಸನ ಸೇವೆಯನ್ನು ಮೆಚ್ಚಿ ಅವನನ್ನು ಕಾಯಂ ಮಾಡಿತು.

ಆಮೇಲೆ ಅವನು ಮಂಕಾದ. ಬೆಳಗಾಗುವ ಮುಂಚೆ ಎದ್ದು ಬಂದರಿಗೆ ಹೋಗುವನು, ಕಟ್ಟಿಹಾಕಿದ ದೋಣಿಯಲ್ಲಿ ಕೂತು ಬಿಸಿಲೇರುವವರೆಗೆ ದಿಗಂತ ನೋಡುವನು, ವಾಪಸು ಬರುವನು. ಊಟ ಸೇರುತ್ತಿರಲಿಲ್ಲ. ದಿನದಿನಕ್ಕೂ ಅವನ ಮುಖ ಹೆಚ್ಚು ಹೆಚ್ಚು ನೂರಾಎರಡರದಾಗುತ್ತಿತ್ತು. ಮೇಯರರಿಗೆ ಇದರಿಂದ ಸಂತೋಷವಾಯಿತು. ಗರುಫಾಲಿಯಳಿಗೆ ಭಯವಾಯಿತು.

“ಹೀಗೇ ಹೋದರೆ ನೀನು ನಿಜವಾಗಲೂ ಸಾಯ್ತೀಯ,” ಎಂದಳು ಒಂದು ದಿನ, ಹಗ್ಗದ ಮೇಲೆ ಆಕ್ಟೋಪಸ್ ಒಣಹಾಕುತ್ತ. ಅದನ್ನೂ ಅಂಗಡಿಯಿಂದ ಕೊಂಡುತಂದಿದ್ದಳು. ಮೀನುಗಾರನ ಮನೆಯಲ್ಲಿ ಅದಕ್ಕಿಂತ ಅವಮಾನ ಇರಲಿಲ್ಲ.

“ಸಾಯೋಕೂ ಬಿಡಲ್ಲ ಅವರು. ಹುದ್ದೆ ಖಾಲಿ ಆಗುತ್ತಲ್ಲ.”

“ಬರೀ ಗೊಣಗು. ಈ ಮನೆತನದಲ್ಲಿ ಇನ್ನೊಬ್ಬ ಆರ್ಗೀರಿಸ್ ಇದಾನೆ ಅನ್ನೋದು ಮರೆತೆಯಾ?”

ಮಗನ ಮೊದಲ ಮಗ ಆರ್ಗೀರಿಸ್ ಕಲಾಫಾತಿಸ್ ಮೆಲ್ಬರ್ನ್‌ನಲ್ಲಿದ್ದ. ಇಪ್ಪತ್ತನಾಲ್ಕು ವರ್ಷ. ಗರುಫಾಲಿಯಳ ಒತ್ತಾಯಕ್ಕೆ ದ್ವೀಪದಲ್ಲಿ ಅವನ ಹೆಸರನ್ನೂ ಬರೆಸಿದ್ದರು. ದೋಣಿ ಆರ್ಗೀರಿಸ್ ಅವನಿಗೆ ಫೋನು ಮಾಡಿದ.

“ತಾತ, ದೋಣಿ ನೆನೆಸಿಕೊಂಡರೇ ನನಗೆ ವಾಂತಿ ಬರುತ್ತೆ,” ಎಂದ ಮೊಮ್ಮಗ.

“ನೀನು ಬರಬೇಡ ಮಗಾ. ನಿನ್ನ ವಯಸ್ಸು ಸ್ವಲ್ಪ ದಿನ ಕೊಟ್ಟಿರು.”

“ವಾಪಸು ಕೊಡ್ತೀಯ ತಾನೇ?”

“ಬಳಸಿದ ಗುರುತೂ ಇರಲ್ಲ.”

ಮರುದಿನ ದೋಣಿ ಆರ್ಗೀರಿಸ್ ಫ್ರೋಸೊಳ ಮುಂದೆ ನಿಂತು, ತಾನು ಇಪ್ಪತ್ತನಾಲ್ಕರ ಆರ್ಗೀರಿಸ್ ಕಲಾಫಾತಿಸ್ ಎಂದೂ, ತಾತನ ದೋಣಿ ನಡೆಸಲು ಪರವಾನಗಿ ಬೇಕೆಂದೂ ಹೇಳಿದ. ಫ್ರೋಸೊ ಅವನನ್ನು ಬಹಳ ಹೊತ್ತು ನೋಡಿದಳು.

“ಮುಖ ಸ್ವಲ್ಪ ಸುಕ್ಕಾಗಿದೆ.”

“ಬಿಸಿಲು.”

“ಸಮುದ್ರ ಹಾಗೇ,” ಎಂದು ಅವಳು ಕೀಲಿ ಕೊಟ್ಟಳು. “ಹುಷಾರಾಗಿ ಹೋಗಿ ಬಾ ತಮ್ಮಾ. ಗಾಳಿ ಎದ್ದರೆ ತಿರುಗಿ ಬಂದುಬಿಡು. ನಿನಗಿನ್ನೂ ಅನುಭವ ಇಲ್ಲ.”

ಆ ಬೆಳಗ್ಗೆ ಆರ್ಗೀರಿಸ್ ಹಿಡಿದ ಮೀನು ಬುಟ್ಟಿಯಲ್ಲಿ ಹಿಡಿಸಲಿಲ್ಲ. ಬಂದರಿಗೆ ಮರಳಿದಾಗ ಕಟ್ಟೆಯ ಮೇಲೆ ದಂತವೈದ್ಯ ಓಡ್‌ವಾರ್ ನಿಂತಿದ್ದರು. ಈ ಮೀನುಗಾರ ಯಾರು ಎಂದು ಅವರು ಕೇಳಿದಾಗ, ಇಪ್ಪತ್ತನಾಲ್ಕು ವರ್ಷದ ಹುಡುಗ ಎಂದು ಫ್ರೋಸೊ ತನಗೆ ತಿಳಿಸಿದ್ದನ್ನೇ ತಿಳಿಸಿದಳು. ಓಡ್‌ವಾರ್ ಬಿಳಿಚಿಕೊಂಡರು. ಸಂಜೆ ಮರದ ಕೆಳಗೆ ಅದೇ ಮುಖ ನೂರಾಎರಡು ವರ್ಷ ಎಂದು ನಗುತ್ತಿತ್ತು. ಅವರು ವಿಜ್ಞಾನ ಓದಿದವರು. ಇಡೀ ರಾತ್ರಿ ಯೋಚಿಸಿ ಮಾರನೆಯ ದಿನ ಮೇಯರರ ಬಳಿ ಬಂದರು.

“ನಿಮ್ಮ ಬೆಳಗಿನ ಬಿಸಿಲು ಇಪ್ಪತ್ತನಾಲ್ಕರವನನ್ನು ಮುದಿಯಾಗಿಸುತ್ತೆ, ಸಂಜೆ ಬಿಸಿಲು ನೂರಾಎರಡರವನನ್ನು ಉಳಿಸುತ್ತೆ. ಇದನ್ನು ಯಾಕೆ ಮೊದಲೇ ಹೇಳಲಿಲ್ಲ?”

“ನೀವೇ ಕಂಡುಕೊಳ್ಳಲಿ ಅಂತ ಕಾಯ್ತಿದ್ದೆವು,” ಎಂದರು ಮೇಯರ್.

ಅಂದಿನಿಂದ ಗುಡ್ಡದ ನಿವಾಸಿಗಳು ಬೆಳಗ್ಗೆ ಬಾಗಿಲು ಹಾಕಿ ಕತ್ತಲಲ್ಲಿ ಕೂರತೊಡಗಿದರು. ಬೆಳಗಿನ ಬಿಸಿಲಿಗೆ ಅಡ್ಡವಾಗಿ ಪುರಸಭೆಯ ಛತ್ರಿ, ಸಂಜೆಯ ಬಿಸಿಲಿಗೆ ಪುರಸಭೆಯ ಕುರ್ಚಿ ಬಾಡಿಗೆಗೆ ಬಂದವು. ಛತ್ರಿಯ ಗುತ್ತಿಗೆ ಮೇಯರರ ಭಾವಮೈದುನನಿಗೆ ಸಿಕ್ಕಿತು. ಕುರ್ಚಿಗೆ ಟೆಂಡರ್ ಕರೆದಾಗಲೂ ಅವನೇ ಬಂದ. ಶತಾಯುಷಿ ಬೆಳಗಿನಲ್ಲಿ ಕಾಣುವುದಿಲ್ಲವೆಂಬ ದೂರು ಬಂದುದರಿಂದ ಕತ್ತೆ ಆರ್ಗೀರಿಸನನ್ನು ಉಪ ಶತಾಯುಷಿಯಾಗಿ ನೇಮಿಸಲಾಯಿತು. ಅವನು ಕೂದಲಿನ ಬಣ್ಣ ತೊಳೆದು, ಮೇಲಿನ ಹಲ್ಲಿನ ಸೆಟ್ಟು ಕಳಚಿಟ್ಟು, ದೋಣಿ ಆರ್ಗೀರಿಸನ ಜೊತೆ ಮತ್ತೆ ಮಾತಾಡಿದ.

“ಏನಣ್ಣಾ, ಹೇಗಿದ್ದೀಯ?”

“ಯಾವ ಹೊತ್ತಿನಲ್ಲಿ ಕೇಳ್ತಿದ್ದೀಯ ಅನ್ನೋದರ ಮೇಲೆ ತಮ್ಮಾ.”

ಒಂದೇ ಒಂದು ತೊಡಕು ಉಳಿಯಿತು. ಪಿಂಚಣಿ ಇಲಾಖೆಯವರು ಅಥೆನ್ಸಿನಿಂದ ಕೇಳಿದರು: ಎಪ್ಪತ್ತಾರು ವರ್ಷದ ಆರ್ಗೀರಿಸ್ ಕಲಾಫಾತಿಸ್ ಎಲ್ಲಿ? ಪುರಸಭೆ ಹುಡುಕಿತು. ನೂರಾಎರಡರವನು ಚೌಕದಲ್ಲಿದ್ದ, ಇಪ್ಪತ್ತನಾಲ್ಕರವನು ಕಡಲಲ್ಲಿದ್ದ. ಎಪ್ಪತ್ತಾರರವನು ಎಲ್ಲೂ ಸಿಗಲಿಲ್ಲ. ಸದರಿ ವ್ಯಕ್ತಿ ದ್ವೀಪ ಬಿಟ್ಟು, ಬಿಸಿಲು ಕಡಿಮೆ ಇರುವ ಊರಿಗೆ ಹೋಗಿ ನೆಲೆಸಿದಂತೆ ಕಾಣುತ್ತದೆ ಎಂದು ಉತ್ತರ ಹೋಯಿತು.

ಇದನ್ನು ಮನೆಯವರಿಗೆ ತಿಳಿಸುವುದು ಕರ್ತವ್ಯವೆಂದು ಮೇಯರ್ ಗರುಫಾಲಿಯಳ ಬಾಗಿಲಿಗೆ ಬಂದರು. ಬೇಕರಿಯ ಹೆಂಗಸರು ಆಡಿಕೊಳ್ಳುತ್ತಿದ್ದ ಮಾತನ್ನೂ ಪ್ರಸ್ತಾಪಿಸಿದರು. ಗಂಡ ಊರಲ್ಲಿಲ್ಲದಾಗ ಮನೆಯಲ್ಲಿ ಒಬ್ಬ ಹುಡುಗ, ಒಬ್ಬ ಮುದುಕ ಇರುವುದು ಚೆನ್ನಾಗಿ ಕಾಣುವುದಿಲ್ಲ.

ಗರುಫಾಲಿಯ ಕೈ ಒರೆಸಿಕೊಂಡಳು. “ಬೆಳಗ್ಗೆ ಬ್ರೆಡ್ಡು, ಆಲಿವ್ ಕಟ್ಟಿಕೊಟ್ಟು ಮೊಮ್ಮಗನನ್ನ ಕಳಿಸ್ತೀನಿ. ಸಂಜೆ ಬಿಳಿ ಅಂಗಿ ತೊಡಿಸಿ ಭಾವನವರನ್ನ ಕಳಿಸ್ತೀನಿ. ಮಧ್ಯಾಹ್ನ ನೀವೆಲ್ಲಾ ಕಚೇರಿ ಮುಚ್ಚಿ ಮಲಗ್ತೀರಲ್ಲ, ಎರಡರಿಂದ ಐದು, ಆಗ ನನ್ನ ಗಂಡ ಬರ್ತಾನೆ. ಇದಕ್ಕೂ ಪರವಾನಗಿ ಬೇಕಾ?”

ಮೇಯರ್ ಯೋಚಿಸಿದರು. ಪರವಾನಗಿ ಬೇಕಾ ಎಂದು ಕೇಳಿದ ಮೇಲೆ ಬೇಡವೆನ್ನುವುದು ಅವರ ಪದ್ಧತಿಯಾಗಿರಲಿಲ್ಲ. ಮರುದಿನ ಬಂದರಿನ ಫಲಕದ ಮೇಲೆ ಪ್ರಕಟಣೆ ಬಿತ್ತು:

‘ಪ್ರತಿದಿನ ಮಧ್ಯಾಹ್ನ ಎರಡರಿಂದ ಐದು ಗಂಟೆಯವರೆಗೆ, ವಿಶ್ರಾಂತಿಯ ಹೊತ್ತಿನಲ್ಲಿ, ದ್ವೀಪದ ನಿವಾಸಿಗಳು ತಮ್ಮ ತಮ್ಮ ಸ್ವಂತ ವಯಸ್ಸಿನಲ್ಲಿರಲು ಅನುಮತಿಸಲಾಗಿದೆ. ಬಾಗಿಲು ಕಿಟಕಿ ಮುಚ್ಚಿರತಕ್ಕದ್ದು.’

ಎಲ್ಲರೂ ಅದನ್ನು ಓದಿ, ನ್ಯಾಯವಾಗಿದೆ ಎಂದು ತಲೆದೂಗಿ, ಮನೆಗೆ ಹೋಗಿ ಮಲಗಿದರು. ದೋಣಿ ಆರ್ಗೀರಿಸ್ ಮೀನಿನ ವಾಸನೆಯ ಕೈಯಲ್ಲೇ ಕಿಟಕಿಯ ಬಾಗಿಲೆಳೆದ.

“ಬಂದೆಯಾ?” ಎಂದಳು ಗರುಫಾಲಿಯ ಕತ್ತಲಿನಲ್ಲಿ.

“ಬಂದೆ. ಸ್ವಲ್ಪ ಆಚೆ ಸರಿ. ಐದಕ್ಕೆ ಎಬ್ಬಿಸು.”